ಎಳೆಯ ಮಕ್ಕಳಲ್ಲಿ ಕಣ್ಣು-ಕೈ ಸಮನ್ವಯ

ಕಣ್ಣು-ಕೈ ಸಮನ್ವಯ ಎಂದರೆ ಕಣ್ಣಿನಿಂದ ದೊರೆಯುವ ಮಾಹಿತಿಗೆ ಅನುಗುಣವಾಗಿ ಕೈಯ ಚಲನೆಯನ್ನು ನಿರ್ದೇಶಿಸುವ ಹಾಗೂ ಆ ಚಲನೆಯ ಫಲಿತಾಂಶವನ್ನು ಮತ್ತೆ ಕಣ್ಣಿನಿಂದಲೇ ನೋಡಿ ತಿದ್ದಿಕೊಳ್ಳುವ ಸಾಮರ್ಥ್ಯ. ಇದನ್ನು ನೇತ್ರ-ಹಸ್ತ ಸಮನ್ವಯವೆಂದೂ ಕರೆಯುತ್ತಾರೆ. ತುತ್ತನ್ನು ಬಾಯಿಗೆ ಒಯ್ಯುವುದು, ಗುಂಡಿ ಹಾಕುವುದು, ಚೆಂಡು ಹಿಡಿಯುವುದು, ಅಕ್ಷರ ಬರೆಯುವುದು, ಸೂಜಿಗೆ ದಾರ ಪೋಣಿಸುವುದು ಮೊದಲಾದ ಕೆಲಸಗಳೆಲ್ಲ ಇದನ್ನೇ ಅವಲಂಬಿಸಿವೆ. ಮನುಷ್ಯರಲ್ಲಿ ಇದರ ಬುನಾದಿ ಜನನದಿಂದ ಸುಮಾರು ಆರು ವರ್ಷದವರೆಗಿನ ಅವಧಿಯಲ್ಲಿ ಬೀಳುತ್ತದೆ. ವೇಗ ಮತ್ತು ನಿಖರತೆ ಹದಿಹರೆಯದವರೆಗೂ ಹೆಚ್ಚುತ್ತಲೇ ಹೋಗುತ್ತವೆ.

ಈ ಸಾಮರ್ಥ್ಯ ಬೆಳೆಯುವುದು ಮುಖ್ಯವಾಗಿ ಮಗು ತಾನಾಗಿಯೇ ನೋಡಿ, ಕೈಚಾಚಿ, ತಪ್ಪಿ, ಮತ್ತೆ ಪ್ರಯತ್ನಿಸುವುದರಿಂದ. ದುಬಾರಿ ಸಲಕರಣೆಗಳು ಇದಕ್ಕೆ ಅನಿವಾರ್ಯವಲ್ಲ. ಆರೋಗ್ಯವಂತ ಕಣ್ಣು, ಮುಕ್ತವಾದ ಕೈ, ಸುರಕ್ಷಿತ ವಸ್ತುಗಳು ಮತ್ತು ಬಿಡುವಾದ ಸಮಯ ಇದ್ದರೆ ಸಾಕು. ಇವುಗಳಲ್ಲಿ ಯಾವುದಾದರೊಂದು ಇಲ್ಲವಾದಾಗ ಬೆಳವಣಿಗೆ ಕುಂಠಿತವಾಗಬಹುದು.

ಕಾರ್ಯವಿಧಾನ

ಒಂದು ವಸ್ತುವನ್ನು ಎತ್ತಿಕೊಳ್ಳುವ ಸರಳ ಕ್ರಿಯೆಯಲ್ಲಿಯೂ ಮಿದುಳಿನ ಹಲವು ಭಾಗಗಳು ಒಟ್ಟಾಗಿ ಕೆಲಸ ಮಾಡುತ್ತವೆ. ಅಕ್ಷಿಪಟಲದ ಮೇಲೆ ಮೂಡಿದ ಬಿಂಬದ ಮಾಹಿತಿಯು ದೃಷ್ಟಿನರದ ಮೂಲಕ ಮಿದುಳಿನ ಹಿಂಭಾಗದಲ್ಲಿರುವ ದೃಷ್ಟಿ ವಲಯವನ್ನು ತಲುಪುತ್ತದೆ. ಅಲ್ಲಿಂದ ಮಾಹಿತಿ ಎರಡು ಹಾದಿಗಳಲ್ಲಿ ಸಾಗುತ್ತದೆ ಎಂಬ ವಿವರಣೆಯನ್ನು ಮೆಲ್ವಿನ್ ಗುಡೇಲ್ ಮತ್ತು ಡೇವಿಡ್ ಮಿಲ್ನರ್ 1992ರಲ್ಲಿ ಮುಂದಿಟ್ಟರು. ಅದರ ಪ್ರಕಾರ ಕೆಳಗಿನ ಹಾದಿಯು ವಸ್ತು ಏನೆಂದು ಗುರುತಿಸಲು ನೆರವಾಗುತ್ತದೆ. ಮೇಲಿನ ಹಾದಿಯು ಆ ವಸ್ತುವಿನತ್ತ ಕೈಯನ್ನು ಹೇಗೆ ಒಯ್ಯಬೇಕು, ಬೆರಳುಗಳನ್ನು ಎಷ್ಟು ತೆರೆಯಬೇಕು ಎಂಬುದನ್ನು ನಿರ್ಧರಿಸಲು ನೆರವಾಗುತ್ತದೆ. ಮೇಲಿನ ಹಾದಿ ಸಾಗುವುದು ಪೆರೈಟಲ್ ಪಾಲಿಯ ಮೂಲಕ. ಚಲನಾ ವಲಯವು ಸ್ನಾಯುಗಳಿಗೆ ಆಜ್ಞೆ ಕಳುಹಿಸುತ್ತದೆ. ಕಿರುಮೆದುಳು ಉದ್ದೇಶಿತ ಚಲನೆಗೂ ನಡೆದ ಚಲನೆಗೂ ಇರುವ ವ್ಯತ್ಯಾಸವನ್ನು ಬಳಸಿಕೊಂಡು ಮುಂದಿನ ಪ್ರಯತ್ನವನ್ನು ತಿದ್ದಲು ನೆರವಾಗುತ್ತದೆ.

ಸಾಮಾನ್ಯವಾಗಿ ಕಣ್ಣು ಕೈಗಿಂತ ಮುಂದಿರುತ್ತದೆ. ವಯಸ್ಕರು ಲೋಟವನ್ನು ಎತ್ತಿಕೊಳ್ಳುವಾಗ ಕೈ ತಲುಪುವ ಮೊದಲೇ ದೃಷ್ಟಿ ಲೋಟದ ಮೇಲೆ ನೆಲೆಗೊಳ್ಳುತ್ತದೆ. ಬೆರಳುಗಳು ದಾರಿಯಲ್ಲಿಯೇ ಲೋಟದ ಗಾತ್ರಕ್ಕೆ ತಕ್ಕಂತೆ ತೆರೆದುಕೊಳ್ಳುತ್ತವೆ. ಎಳೆಯ ಮಗುವಿನಲ್ಲಿ ಈ ಪೂರ್ವಸಿದ್ಧತೆ ಇರುವುದಿಲ್ಲ. ಅದು ವಸ್ತುವನ್ನು ಮುಟ್ಟಿದ ಮೇಲಷ್ಟೇ ಬೆರಳುಗಳನ್ನು ಹೊಂದಿಸಿಕೊಳ್ಳುತ್ತದೆ. ಮುಟ್ಟಿದ ಮೇಲೆ ಹೊಂದಿಸಿಕೊಳ್ಳುವ ಹಂತದಿಂದ ನೋಡಿಯೇ ಹೊಂದಿಸಿಕೊಳ್ಳುವ ಹಂತಕ್ಕೆ ಸಾಗುವುದೇ ಮೊದಲ ವರ್ಷದ ಮುಖ್ಯ ಸಾಧನೆ.

ಬೆಳವಣಿಗೆಯ ಹಂತಗಳು

ಕೆಳಗಿನ ಹಂತಗಳು ಸರಾಸರಿ ಸೂಚಕಗಳು. ಆರೋಗ್ಯವಂತ ಮಕ್ಕಳ ನಡುವೆಯೂ ವಾರಗಳ ಅಥವಾ ತಿಂಗಳುಗಳ ವ್ಯತ್ಯಾಸ ಸಹಜ. ಅವಧಿಗೆ ಮುನ್ನ ಹುಟ್ಟಿದ ಶಿಶುಗಳ ವಯಸ್ಸನ್ನು ಹೆರಿಗೆಯ ನಿರೀಕ್ಷಿತ ದಿನಾಂಕದಿಂದ ಲೆಕ್ಕ ಹಾಕುವುದು ರೂಢಿ.

• ಜನನ – 2 ತಿಂಗಳು: ಶಿಶು ಸುಮಾರು 20–30 ಸೆಂ.ಮೀ. ದೂರದ ವಸ್ತುಗಳನ್ನು, ಅಂದರೆ ಹಾಲುಣಿಸುವ ತಾಯಿಯ ಮುಖದಷ್ಟು ದೂರವನ್ನು, ಉತ್ತಮವಾಗಿ ನೋಡುತ್ತದೆ. ಕೈಗಳು ಬಹುಪಾಲು ಮುಷ್ಟಿ ಕಟ್ಟಿರುತ್ತವೆ. ಅಂಗೈಗೆ ತಾಗಿದ ಬೆರಳನ್ನು ಹಿಡಿಯುವುದು ಇಚ್ಛಾಪೂರ್ವಕ ಕ್ರಿಯೆಯಲ್ಲ, ಪ್ರತಿವರ್ತನೆ.
• 2 – 4 ತಿಂಗಳು: ಚಲಿಸುವ ವಸ್ತುವನ್ನು ಕಣ್ಣು ಹಿಂಬಾಲಿಸುತ್ತದೆ. ಶಿಶು ತನ್ನ ಕೈಯನ್ನೇ ದೀರ್ಘಕಾಲ ದಿಟ್ಟಿಸುತ್ತದೆ, ಎರಡೂ ಕೈಗಳನ್ನು ಎದೆಯ ಮೇಲೆ ಕೂಡಿಸುತ್ತದೆ, ತೂಗುವ ವಸ್ತುವನ್ನು ಬಡಿಯಲು ಯತ್ನಿಸುತ್ತದೆ.
• 4 – 6 ತಿಂಗಳು: ಕಂಡ ವಸ್ತುವಿಗೆ ಉದ್ದೇಶಪೂರ್ವಕವಾಗಿ ಕೈಚಾಚಿ, ಇಡೀ ಅಂಗೈಯಿಂದ ಹಿಡಿದು ಬಾಯಿಗೆ ಒಯ್ಯುತ್ತದೆ.
• 6 – 8 ತಿಂಗಳು: ವಸ್ತುವನ್ನು ಒಂದು ಕೈಯಿಂದ ಇನ್ನೊಂದಕ್ಕೆ ಬದಲಾಯಿಸುತ್ತದೆ. ಕುಳಿತುಕೊಳ್ಳಲು ಕಲಿತಾಗ ಎರಡೂ ಕೈಗಳು ಆಟಕ್ಕೆ ಬಿಡುವಾಗುತ್ತವೆ.
• 9 – 12 ತಿಂಗಳು: ಹೆಬ್ಬೆರಳು ಮತ್ತು ತೋರುಬೆರಳಿನ ತುದಿಗಳಿಂದ ಸಣ್ಣ ವಸ್ತುವನ್ನು ಎತ್ತುವ ಚಿವುಟು ಹಿಡಿತ ಮೂಡುತ್ತದೆ. ಡಬ್ಬಿಯೊಳಗೆ ವಸ್ತು ಹಾಕುವುದು, ತೆಗೆಯುವುದು, ಬೇಕೆಂದೇ ಬೀಳಿಸಿ ನೋಡುವುದು ಆರಂಭವಾಗುತ್ತದೆ.
• 1 – 2 ವರ್ಷ: 15 ತಿಂಗಳಿನ ವೇಳೆಗೆ ಎರಡು, ಎರಡು ವರ್ಷದ ವೇಳೆಗೆ ಸುಮಾರು ಆರು ಮರದ ತುಂಡುಗಳನ್ನು ಒಂದರ ಮೇಲೊಂದು ಪೇರಿಸುತ್ತದೆ. ಗೀಚುತ್ತದೆ. ಚೆಲ್ಲಿಕೊಂಡರೂ ತಾನೇ ಉಣ್ಣುತ್ತದೆ.
• 3 ವರ್ಷ: ವೃತ್ತವನ್ನು ನೋಡಿ ಬರೆಯುತ್ತದೆ, ದೊಡ್ಡ ಮಣಿಗಳನ್ನು ಪೋಣಿಸುತ್ತದೆ.
• 4 ವರ್ಷ: ಕೂಡುವ ಚಿಹ್ನೆಯಂತಹ ಅಡ್ಡಗೆರೆ-ಉದ್ದಗೆರೆಗಳ ಆಕೃತಿಯನ್ನು ನೋಡಿ ಬರೆಯುತ್ತದೆ, ಕತ್ತರಿಯಿಂದ ಕಾಗದ ಕತ್ತರಿಸುತ್ತದೆ, ದೊಡ್ಡ ಚೆಂಡನ್ನು ಹಿಡಿಯಲು ಕಲಿಯುತ್ತದೆ.
• 5 – 6 ವರ್ಷ: ಚೌಕ, ಅನಂತರ ತ್ರಿಕೋನವನ್ನು ನೋಡಿ ಬರೆಯುತ್ತದೆ. ಪೆನ್ಸಿಲನ್ನು ಮೂರು ಬೆರಳುಗಳ ನಡುವೆ ಹಿಡಿಯುವ ಕ್ರಮ ಸ್ಥಿರವಾಗುತ್ತದೆ.

ಸಂಶೋಧನೆಯ ಇತಿಹಾಸ

ಎಚ್. ಎಂ. ಹಾಲ್ವರ್ಸನ್ 1931ರಲ್ಲಿ ಚಲನಚಿತ್ರದ ನೆರವಿನಿಂದ ಶಿಶುಗಳ ಹಿಡಿತದ ಬಗೆಗಳನ್ನು ವರ್ಗೀಕರಿಸಿದರು. ಸ್ವಿಸ್ ಮನೋವಿಜ್ಞಾನಿ ಜೀನ್ ಪಿಯಾಜೆ 1930ರ ದಶಕದಲ್ಲಿ ತಮ್ಮ ಮಕ್ಕಳನ್ನು ಗಮನಿಸಿ, ನೋಟ ಮತ್ತು ಹಿಡಿತಗಳು ಮೊದಲು ಬೇರೆಬೇರೆಯಾಗಿದ್ದು ನಿಧಾನವಾಗಿ ಬೆಸೆದುಕೊಳ್ಳುತ್ತವೆ ಎಂದು ವಿವರಿಸಿದರು. ಆದರೆ ಈ ಸಂಬಂಧದ ಮೊಳಕೆ ಜನನದ ಹೊತ್ತಿಗೇ ಇರುತ್ತದೆ ಎಂಬುದನ್ನು ಮುಂದಿನ ಅಧ್ಯಯನಗಳು ತೋರಿಸಿದವು. ನವಜಾತ ಶಿಶುಗಳು ವಸ್ತುವನ್ನು ದಿಟ್ಟಿಸುತ್ತಿರುವಾಗ ಅವುಗಳ ಕೈ ಆ ವಸ್ತುವಿಗೆ ಹೆಚ್ಚು ಸಮೀಪ ಚಲಿಸುತ್ತದೆ ಎಂದು ಸ್ವೀಡನ್ನಿನ ಕ್ಲಾಸ್ ಫಾನ್ ಹಾಫ್ಸ್ಟೆನ್ 1982ರಲ್ಲಿ ವರದಿ ಮಾಡಿದರು. 1995ರಲ್ಲಿ ಆಡ್ರಿ ಫಾನ್ ಡೆರ್ ಮೀರ್ ಮತ್ತು ಸಂಗಡಿಗರು ಶಿಶುಗಳ ಮಣಿಕಟ್ಟಿಗೆ ಸಣ್ಣ ಭಾರ ಕಟ್ಟಿ ಪರೀಕ್ಷಿಸಿದರು. ಶಿಶುಗಳು ತಮ್ಮ ಕಣ್ಣಿಗೆ ಕಾಣುವ ಕೈಯನ್ನು ಭಾರದ ವಿರುದ್ಧ ಎತ್ತಿ ಹಿಡಿಯುತ್ತಿದ್ದವು. ಕಾಣದ ಕೈಯನ್ನು ಹಾಗೆ ಹಿಡಿಯುತ್ತಿರಲಿಲ್ಲ.

ಸ್ವಂತ ಚಲನೆಯ ಪ್ರಾಮುಖ್ಯವನ್ನು ತೋರಿಸಿದ ಪ್ರಸಿದ್ಧ ಪ್ರಯೋಗವನ್ನು ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ 1963ರಲ್ಲಿ ಪ್ರಕಟಿಸಿದರು. ಕತ್ತಲೆಯಲ್ಲಿ ಬೆಳೆದ ಬೆಕ್ಕಿನ ಮರಿಗಳ ಜೋಡಿಯಲ್ಲಿ ಒಂದು ತಾನೇ ನಡೆಯುತ್ತ ತಿರುಗುಯಂತ್ರವನ್ನು ಎಳೆಯುತ್ತಿತ್ತು. ಇನ್ನೊಂದು ತೊಟ್ಟಿಲಿನಲ್ಲಿ ಕುಳಿತು ಅದೇ ದೃಶ್ಯವನ್ನು ನೋಡುತ್ತಿತ್ತು. ನಡೆದ ಮರಿ ದೃಷ್ಟಿಯ ನೆರವಿನಿಂದ ಪಂಜ ಇಡಲು ಕಲಿಯಿತು. ಕೇವಲ ನೋಡಿದ ಮರಿ ಕಲಿಯಲಿಲ್ಲ. ಮುಕ್ತವಾಗಿ ಓಡಾಡಲು ಬಿಟ್ಟ ಮೇಲೆ ಅದೂ ಚೇತರಿಸಿಕೊಂಡಿತು. ಮಾನವ ಶಿಶುಗಳ ವಿಷಯದಲ್ಲಿ, 2002ರಲ್ಲಿ ಏಮಿ ನೀಡಮ್ ಮತ್ತು ಸಂಗಡಿಗರು ಮೂರು ತಿಂಗಳ ಶಿಶುಗಳಿಗೆ ಆಟಿಕೆ ಅಂಟಿಕೊಳ್ಳುವಂತಹ ಕೈಗವಸು ತೊಡಿಸಿದರು. ವಸ್ತುವನ್ನು ತಾವೇ ಎತ್ತಿಕೊಂಡ ಅನುಭವ ಪಡೆದ ಈ ಶಿಶುಗಳು ಅನಂತರ ವಸ್ತುಗಳನ್ನು ಹೆಚ್ಚು ಆಸಕ್ತಿಯಿಂದ ಪರಿಶೀಲಿಸಿದವು.

ಭಾರತದಲ್ಲಿ ನಡೆದ ಮಹತ್ವದ ಅಧ್ಯಯನಗಳು ಪವನ್ ಸಿನ್ಹಾ ಅವರ ಪ್ರಕಾಶ್ ಯೋಜನೆಗೆ ಸಂಬಂಧಿಸಿವೆ. ಹುಟ್ಟಿನಿಂದ ಕುರುಡರಾಗಿದ್ದು ಚಿಕಿತ್ಸೆಯ ನಂತರ ದೃಷ್ಟಿ ಪಡೆದ ಐವರು ಮಕ್ಕಳ ಮೇಲೆ ನಡೆದ ಅಧ್ಯಯನ 2011ರಲ್ಲಿ ಪ್ರಕಟವಾಯಿತು. ಕೈಯಿಂದ ಮುಟ್ಟಿ ಅರಿತ ಆಕೃತಿಯನ್ನು ಈ ಮಕ್ಕಳು ಚಿಕಿತ್ಸೆಯಾದ ಕೂಡಲೇ ಕಣ್ಣಿನಿಂದ ಗುರುತಿಸಲಾರದೆ ಹೋದರು. ಆದರೆ ಕೆಲವೇ ದಿನಗಳಲ್ಲಿ ಆ ಸಾಮರ್ಥ್ಯ ಸುಧಾರಿಸಿತು. ಕಣ್ಣು ಮತ್ತು ಕೈಯ ನಡುವಿನ ನಂಟು ಅನುಭವದಿಂದ ಬೆಳೆಯುತ್ತದೆ ಎಂಬುದಕ್ಕೆ ಇದು ಸಾಕ್ಷಿಯಾಯಿತು.

ಪೋಷಿಸುವ ಚಟುವಟಿಕೆಗಳು

ಶೈಶವದಲ್ಲಿ

ಎಚ್ಚರವಾಗಿರುವ ಶಿಶುವನ್ನು ಹಿರಿಯರ ಕಣ್ಗಾವಲಿನಲ್ಲಿ ನೆಲದ ಮೇಲೆ ಹೊಟ್ಟೆ ಕೆಳಗಾಗಿ ಮಲಗಿಸುವುದು ಕುತ್ತಿಗೆ, ಭುಜ ಮತ್ತು ತೋಳುಗಳನ್ನು ಬಲಪಡಿಸುತ್ತದೆ. ಭುಜ ಸ್ಥಿರವಾದಾಗ ಮಾತ್ರ ಬೆರಳು ನಿಖರವಾಗಿ ಕೆಲಸ ಮಾಡಬಲ್ಲದು. ವಿಶ್ವ ಆರೋಗ್ಯ ಸಂಸ್ಥೆಯು 2019ರ ಮಾರ್ಗಸೂಚಿಯಲ್ಲಿ, ಇನ್ನೂ ಅಂಬೆಗಾಲಿಡದ ಶಿಶುಗಳಿಗೆ ದಿನಕ್ಕೆ ಒಟ್ಟು 30 ನಿಮಿಷವಾದರೂ ಇಂತಹ ಅವಕಾಶ ಇರಬೇಕೆಂದು ಸೂಚಿಸಿದೆ. ನಿದ್ರೆಗೆ ಮಾತ್ರ ಶಿಶುವನ್ನು ಅಂಗಾತವಾಗಿಯೇ ಮಲಗಿಸಬೇಕು. ಸೀರೆಯ ಜೋಲಿ ನಿದ್ರೆಗೆ ಹಿತವಾದರೂ ಎಚ್ಚರದ ಹೊತ್ತಿನಲ್ಲಿ ಶಿಶುವಿನ ಕೈಗೂ ನೋಟಕ್ಕೂ ಅಡ್ಡಿಯಾಗುತ್ತದೆ. ಆದ್ದರಿಂದ ಆ ಹೊತ್ತಿನಲ್ಲಿ ಚಾಪೆಯೇ ಸೂಕ್ತ. ಗಿಲಕಿ ಆಡಿಸುವುದು, ಮುಖ ಮುಚ್ಚಿ ತೆರೆಯುವ ಆಟ, ಚಪ್ಪಾಳೆ ಆಟ, ಚಂದ್ರನನ್ನು ತೋರಿಸಿ ಕೈ ಆಡಿಸುವುದು ಇವೆಲ್ಲ ನೋಟ ಮತ್ತು ಕೈಯನ್ನು ಕೂಡಿಸುವ ಮನೆಯ ಆಟಗಳು.

ಉಣ್ಣುವುದು ಮತ್ತು ಮನೆಗೆಲಸ

ಪೂರಕ ಆಹಾರ ಆರಂಭವಾದ ಮೇಲೆ ಮೆತ್ತನೆಯ ಇಡ್ಲಿ, ಬೆಂದ ತರಕಾರಿ, ಬಾಳೆಹಣ್ಣುಗಳನ್ನು ಮಗುವಿನ ಕೈಗೇ ಕೊಡುವುದು ಚಿವುಟು ಹಿಡಿತಕ್ಕೆ ದೈನಂದಿನ ಅಭ್ಯಾಸವಾಗುತ್ತದೆ. ರಾಗಿ ಮುದ್ದೆಯನ್ನು ಮುರಿದು, ಉಂಡೆ ಮಾಡಿ, ಸಾರಿನಲ್ಲಿ ಅದ್ದಿ ಬಾಯಿಗೆ ಒಯ್ಯುವುದರಲ್ಲಿ ಬೆರಳುಗಳ ಒತ್ತಡ, ದಿಕ್ಕು ಮತ್ತು ದೂರದ ಅಂದಾಜು ಮೂರೂ ಸೇರಿವೆ. ಚೆಲ್ಲುತ್ತದೆಂದು ಹಿರಿಯರೇ ಸದಾ ಉಣಿಸಿದರೆ ಈ ಅಭ್ಯಾಸ ತಪ್ಪುತ್ತದೆ.

ಚಿಕ್ಕಬಳ್ಳಾಪುರ ಮತ್ತು ಕೋಲಾರ ಜಿಲ್ಲೆಗಳು ರಾಗಿ ಹಾಗೂ ಅವರೆಗೆ ಹೆಸರಾಗಿವೆ. ಶಿಡ್ಲಘಟ್ಟ ತಾಲ್ಲೂಕಿನ ದಿಬ್ಬೂರಹಳ್ಳಿಯಂತಹ ಊರುಗಳಿರುವ ಈ ಸೀಮೆಯಲ್ಲಿ ಚಳಿಗಾಲ ಬಂತೆಂದರೆ ಮನೆಯವರೆಲ್ಲ ಕುಳಿತು ಅವರೆಕಾಯಿ ಸುಲಿಯುವುದು, ನೆನೆದ ಕಾಳಿನ ಸಿಪ್ಪೆ ಬಿಡಿಸಿ ಹಿತಕಿದ ಬೇಳೆ ಮಾಡುವುದು ರೂಢಿ. ನಾಲ್ಕೈದು ವರ್ಷದ ಮಗುವಿಗೆ ಇದು ಉತ್ತಮ ಅಭ್ಯಾಸ: ಕಾಯಿಯ ಏಣನ್ನು ಕಣ್ಣಿನಿಂದ ಗುರುತಿಸಬೇಕು, ಎರಡು ಕೈಗಳಿಂದ ಬಿಡಿಸಬೇಕು, ಕಾಳು ಸಿಡಿದು ಹೋಗದಂತೆ ಒತ್ತಬೇಕು. ಹಿಟ್ಟು ನಾದುವುದು, ಕಾಳು ವಿಂಗಡಿಸುವುದು, ಹೂ ಕಟ್ಟುವುದು, ಚುಕ್ಕಿಗಳನ್ನು ಸೇರಿಸಿ ರಂಗೋಲಿ ಎಳೆಯುವುದು ಇದೇ ವರ್ಗಕ್ಕೆ ಸೇರುತ್ತವೆ.

ಸಾಂಪ್ರದಾಯಿಕ ಆಟಗಳು

ಕರ್ನಾಟಕದ ಹಳ್ಳಿಯಾಟಗಳಲ್ಲಿ ಬಹಳಷ್ಟು ಕಣ್ಣು-ಕೈ ಸಮನ್ವಯವನ್ನು ಆಧರಿಸಿದವು. ಕಲ್ಲಾಟದಲ್ಲಿ ಒಂದು ಕಲ್ಲನ್ನು ಮೇಲೆ ಚಿಮ್ಮಿ, ಅದು ಬೀಳುವಷ್ಟರಲ್ಲಿ ನೆಲದ ಕಲ್ಲುಗಳನ್ನು ಬಾಚಿಕೊಂಡು ಹಿಡಿಯಬೇಕು. ಗೋಲಿಯಾಟದಲ್ಲಿ ದೂರ ಮತ್ತು ಕೋನವನ್ನು ಅಂದಾಜಿಸಬೇಕು. ಅಳಗುಳಿ ಮಣೆಯಲ್ಲಿ ಏಳೇಳು ಗುಳಿಗಳ ಎರಡು ಸಾಲುಗಳಲ್ಲಿ ಒಂದೊಂದೇ ಕಾಳನ್ನು ಬಿಡುತ್ತ ಎಣಿಸಬೇಕು. ಲಗೋರಿಯಲ್ಲಿ ಗುರಿಯಿಟ್ಟು ಎಸೆಯುವುದೂ ಬಿಲ್ಲೆಗಳನ್ನು ಬೇಗನೆ ಪೇರಿಸುವುದೂ ಇವೆ. ಬುಗುರಿ ಮತ್ತು ಚಿನ್ನಿದಾಂಡು ತುಸು ದೊಡ್ಡ ಮಕ್ಕಳ ಆಟಗಳು. ಚಿನ್ನಿ ಕಣ್ಣಿಗೆ ಬಡಿದು ತೀವ್ರ ಗಾಯವಾಗಬಹುದಾದ್ದರಿಂದ ಅದರಲ್ಲಿ ಎಚ್ಚರ ಅಗತ್ಯ.

ಆಟಿಕೆಗಳಲ್ಲಿ ಚನ್ನಪಟ್ಟಣದ ಅರಗಿನ ಬಣ್ಣದ ಮರದ ಆಟಿಕೆಗಳು ಪ್ರಸಿದ್ಧ. ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಈ ಆಟಿಕೆಗಳಲ್ಲಿ ಗಿಲಕಿ, ಉಂಗುರಗಳ ಗೋಪುರ, ಬುಗುರಿ ಮುಂತಾದವು ಶೈಶವದಿಂದ ಬಾಲ್ಯದವರೆಗಿನ ಬೇರೆಬೇರೆ ಹಂತಗಳಿಗೆ ಹೊಂದುತ್ತವೆ.

ಸುರಕ್ಷತೆ

ಮೂರು ವರ್ಷದೊಳಗಿನ ಮಕ್ಕಳು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುತ್ತಾರೆ. ಹುಣಸೆ ಬೀಜ, ಕಡಲೆಕಾಯಿ, ಅವರೆಕಾಳು, ಗೋಲಿ, ಮಣಿಗಳು ಶ್ವಾಸನಾಳದಲ್ಲಿ ಸಿಲುಕಿ ಜೀವಕ್ಕೆ ಅಪಾಯ ತರಬಹುದು. ಮೂಗು, ಕಿವಿಗಳಲ್ಲಿಯೂ ಸೇರಿಕೊಳ್ಳಬಹುದು. ಈ ವಯಸ್ಸಿನವರಿಗೆ ಬಾಯಿಯೊಳಗೆ ಹಿಡಿಸದ ಗಾತ್ರದ ವಸ್ತುಗಳನ್ನೇ ಕೊಡಬೇಕು. ಗುಂಡಿಯಾಕಾರದ ಬ್ಯಾಟರಿಗಳನ್ನು ಯಾವ ಕಾರಣಕ್ಕೂ ಕೈಗೆಟುಕಿಸಬಾರದು.

ಪರದೆಯ ಬಳಕೆ

ಮೊಬೈಲ್ ಪರದೆಯ ಮೇಲೆ ಬೆರಳಾಡಿಸುವುದೂ ಒಂದು ಬಗೆಯ ಕಣ್ಣು-ಕೈ ಕ್ರಿಯೆಯೇ. ಆದರೆ ಅದರಲ್ಲಿ ತೂಕ, ಆಳ, ಒರಟುತನ, ಹಿಡಿತದ ಒತ್ತಡಗಳ ಅನುಭವವಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ 2019ರ ಮಾರ್ಗಸೂಚಿಯಂತೆ ಎರಡು ವರ್ಷ ತುಂಬದ ಮಕ್ಕಳಿಗೆ ಕುಳಿತು ಪರದೆ ನೋಡುವುದು ಸೂಕ್ತವಲ್ಲ. 2ರಿಂದ 4 ವರ್ಷದವರಿಗೆ ದಿನಕ್ಕೆ ಒಂದು ಗಂಟೆಗಿಂತ ಹೆಚ್ಚಿರಬಾರದು.

ಬರವಣಿಗೆಗೆ ಸಿದ್ಧತೆ

ಬರವಣಿಗೆಯು ಕಣ್ಣು-ಕೈ ಸಮನ್ವಯದ ಫಲವೇ ಹೊರತು ಅದರ ಆರಂಭವಲ್ಲ. ಮಗು ಸಾಮಾನ್ಯವಾಗಿ ಮೊದಲು ಉದ್ದಗೆರೆ, ಅಡ್ಡಗೆರೆ, ಅನಂತರ ವೃತ್ತ, ಆಮೇಲೆ ಪರಸ್ಪರ ಹಾಯುವ ಗೆರೆಗಳು ಮತ್ತು ಕೋನಗಳನ್ನು ಬರೆಯಲು ಕಲಿಯುತ್ತದೆ. ಕನ್ನಡ ಲಿಪಿಯ ಅಕ್ಷರಗಳು ದುಂಡಾದ ತಿರುವುಗಳಿಂದ ಕೂಡಿವೆ. ತಲೆಕಟ್ಟು, ಗುಣಿತದ ಚಿಹ್ನೆಗಳು, ಕೆಳಗೆ ಬರುವ ಒತ್ತಕ್ಷರಗಳು ತಮ್ಮ ತಮ್ಮ ಸ್ಥಾನದಲ್ಲಿಯೇ ಕೂರಬೇಕು. ಇದಕ್ಕೆ ಕೈಯ ನಿಯಂತ್ರಣದೊಂದಿಗೆ ಸ್ಥಳದ ಅರಿವೂ ಬೇಕು. ತಟ್ಟೆಯಲ್ಲಿ ಹರಡಿದ ಅಕ್ಕಿಯ ಮೇಲೆ ಬೆರಳಿನಿಂದ ಬರೆಸುವ ಅಕ್ಷರಾಭ್ಯಾಸದ ಪದ್ಧತಿ ಮತ್ತು ಮರಳಿನ ಮೇಲೆ ತಿದ್ದಿಸುವ ಹಳೆಯ ಕ್ರಮಗಳಲ್ಲಿ ಉಪಕರಣದ ಹಿಡಿತದ ಭಾರವಿಲ್ಲದೆ ಇಡೀ ತೋಳಿನಿಂದ ಆಕೃತಿಯನ್ನು ಅರಿಯುವ ಅವಕಾಶವಿತ್ತು.

ಎಚ್.ಡಿ. ಕೋಟೆ ತಾಲ್ಲೂಕಿನಲ್ಲಿ 1995ರಲ್ಲಿ ಆರಂಭವಾದ ನಲಿ-ಕಲಿ ಪದ್ಧತಿಯು ವರ್ಣಮಾಲೆಯ ಕ್ರಮವನ್ನು ಬಿಟ್ಟು, ‘ರ, ಗ, ಸ, ದ, ಅ’ ಎಂಬ ಸರಳ ಅಕ್ಷರಗಳ ಗುಂಪಿನಿಂದ ಕಲಿಕೆಯನ್ನು ಆರಂಭಿಸಿತು. ಕೈಗೆ ಸುಲಭವಾದುದರಿಂದ ಕಠಿಣವಾದುದರತ್ತ ಸಾಗುವ ಈ ಕ್ರಮ ಎಳೆಯ ಕೈಯ ಸಾಮರ್ಥ್ಯಕ್ಕೆ ಹೆಚ್ಚು ಹೊಂದುತ್ತದೆ. ಮೂರು ವರ್ಷದ ಮಗುವಿಗೆ ಪುಟಗಟ್ಟಲೆ ಅಕ್ಷರ ತಿದ್ದಿಸುವುದರಿಂದ ಕೈ ಸೋತು, ತಪ್ಪು ಹಿಡಿತ ರೂಢಿಯಾಗಿ, ಬರವಣಿಗೆಯ ಬಗ್ಗೆ ಬೇಸರ ಮೂಡುವ ಸಂಭವವಿದೆ.

ಅಂಗನವಾಡಿಗಳ ಪಾತ್ರ

ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು 1975ರ ಅಕ್ಟೋಬರ್ 2ರಂದು ದೇಶದ 33 ಕಡೆಗಳಲ್ಲಿ ಆರಂಭವಾಯಿತು. ಕರ್ನಾಟಕದಲ್ಲಿ ಮೈಸೂರು ಜಿಲ್ಲೆಯ ಟಿ. ನರಸೀಪುರ ಇದರ ಮೊದಲ ತಾಣವಾಗಿತ್ತು. ಈ ಯೋಜನೆಯ ಅಂಗನವಾಡಿಗಳು ಪೂರಕ ಪೌಷ್ಟಿಕ ಆಹಾರದೊಂದಿಗೆ 3ರಿಂದ 6 ವರ್ಷದ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣವನ್ನೂ ನೀಡುತ್ತವೆ. ಮಣಿ ಪೋಣಿಸುವುದು, ಮಣ್ಣಿನಿಂದ ಆಕೃತಿ ಮಾಡುವುದು, ಕಾಗದ ಹರಿದು ಅಂಟಿಸುವುದು, ಎಲೆಗಳ ಅಚ್ಚು ತೆಗೆಯುವುದು, ಚೆಂಡಿನಾಟ ಮೊದಲಾದವು ಇಂತಹ ಶಿಕ್ಷಣದ ಸಾಮಾನ್ಯ ಚಟುವಟಿಕೆಗಳು. ಗ್ರಾಮೀಣ ಪ್ರದೇಶಗಳಲ್ಲಿ ಮಗುವಿನ ಬೆಳವಣಿಗೆಯನ್ನು ಮನೆಯವರ ಹೊರತು ನಿತ್ಯ ಗಮನಿಸುವ ಮೊದಲ ವ್ಯಕ್ತಿ ಅಂಗನವಾಡಿ ಕಾರ್ಯಕರ್ತೆಯೇ ಆಗಿರುವುದರಿಂದ, ವಿಳಂಬವನ್ನು ಗುರುತಿಸುವಲ್ಲಿಯೂ ಅವರ ಪಾತ್ರ ಹಿರಿದು.

ವಿಳಂಬ ಮತ್ತು ತೊಂದರೆಗಳು

ಕೈ ಎಡವುತ್ತಿದ್ದರೆ ತೊಂದರೆ ಕೈಯಲ್ಲಿಯೇ ಇದೆಯೆಂದು ಹೇಳಲಾಗದು. ಎಷ್ಟೋ ವೇಳೆ ಕಣ್ಣಿನಲ್ಲಿರುತ್ತದೆ. ಮೆಳ್ಳೆಗಣ್ಣು, ಎರಡು ಕಣ್ಣುಗಳ ಶಕ್ತಿಯಲ್ಲಿ ವ್ಯತ್ಯಾಸ, ಹುಟ್ಟಿನಿಂದ ಬಂದ ಕಣ್ಣಿನ ಪೊರೆ ಇವುಗಳಿಗೆ ಸಕಾಲದಲ್ಲಿ ಚಿಕಿತ್ಸೆ ದೊರೆಯದಿದ್ದರೆ ಮಿದುಳು ಆ ಕಣ್ಣಿನ ಮಾಹಿತಿಯನ್ನು ಬಳಸಲು ಕಲಿಯುವುದಿಲ್ಲ. ಇದನ್ನು ಮಂದ ದೃಷ್ಟಿ ಅಥವಾ ಸೋಮಾರಿ ಕಣ್ಣು ಎನ್ನುತ್ತಾರೆ. ಇದರ ಚಿಕಿತ್ಸೆ ಏಳೆಂಟು ವರ್ಷದೊಳಗೆ ಹೆಚ್ಚು ಪರಿಣಾಮಕಾರಿ. ಮೆಳ್ಳೆಗಣ್ಣನ್ನು ಅದೃಷ್ಟದ ಗುರುತೆಂದು ಭಾವಿಸಿ ಸುಮ್ಮನಿರುವುದರಿಂದ ಮಗು ಶಾಶ್ವತವಾಗಿ ಆಳದ ಗ್ರಹಿಕೆಯನ್ನು ಕಳೆದುಕೊಳ್ಳಬಹುದು.

ಮಿದುಳಿನ ಪಾರ್ಶ್ವವಾಯು, ಅವಧಿಪೂರ್ವ ಜನನ ಮೊದಲಾದವೂ ಸಮನ್ವಯವನ್ನು ಬಾಧಿಸಬಹುದು. ಬೇರೆ ಯಾವ ಸ್ಪಷ್ಟ ಕಾರಣವೂ ಇಲ್ಲದೆ ಚಲನೆಗಳಲ್ಲಿ ನಿರಂತರ ಎಡವಟ್ಟು ಕಾಣುವ ಸ್ಥಿತಿಯನ್ನು ಬೆಳವಣಿಗೆಯ ಸಮನ್ವಯ ನ್ಯೂನತೆ ಎಂದು ಕರೆಯಲಾಗುತ್ತದೆ. ಇದು ಶಾಲಾ ವಯಸ್ಸಿನ ಮಕ್ಕಳಲ್ಲಿ ಸುಮಾರು 5–6 ಶೇಕಡಾ ಇರುತ್ತದೆಂದು ಅಂದಾಜಿಸಲಾಗಿದೆ. ಇಂತಹ ಮಕ್ಕಳನ್ನು ಸೋಮಾರಿಗಳು, ದಡ್ಡರು ಎಂದು ಜರೆಯುವುದು ಸಾಮಾನ್ಯ, ಆದರೆ ಅನ್ಯಾಯ. ಔದ್ಯೋಗಿಕ ಚಿಕಿತ್ಸೆ ಇವರಿಗೆ ನೆರವಾಗುತ್ತದೆ.

ಈ ಕೆಳಗಿನ ಲಕ್ಷಣಗಳು ಕಂಡಾಗ ವೈದ್ಯರ ಸಲಹೆ ಅಗತ್ಯ:

• 3 ತಿಂಗಳಾದರೂ ಚಲಿಸುವ ಮುಖ ಅಥವಾ ವಸ್ತುವನ್ನು ಕಣ್ಣು ಹಿಂಬಾಲಿಸದಿರುವುದು
• ಕಣ್ಣಿನ ಪಾಪೆ ಬೆಳ್ಳಗೆ ಕಾಣುವುದು (ಇದಕ್ಕೆ ವಿಳಂಬವಿಲ್ಲದ ತಪಾಸಣೆ ಬೇಕು)
• 4 ತಿಂಗಳ ನಂತರವೂ ಮೆಳ್ಳೆಗಣ್ಣು ಕಾಣುವುದು, ಅಥವಾ ಮುಷ್ಟಿ ಬಿಗಿಯಾಗಿಯೇ ಇರುವುದು
• 6–7 ತಿಂಗಳಾದರೂ ವಸ್ತುವಿಗೆ ಕೈಚಾಚದಿರುವುದು
• ಒಂದು ವರ್ಷಕ್ಕೂ ಮೊದಲೇ ಒಂದೇ ಕೈಯನ್ನು ಬಳಸಿ ಇನ್ನೊಂದನ್ನು ಕಡೆಗಣಿಸುವುದು (ಇದು ಎಡಚ ಅಥವಾ ಬಲಚ ಸ್ವಭಾವವಲ್ಲದೆ ಇನ್ನೊಂದು ಕೈಯ ದೌರ್ಬಲ್ಯದ ಸೂಚನೆಯಾಗಿರಬಹುದು)
• ಮೊದಲು ಇದ್ದ ಕೌಶಲ ಇಲ್ಲವಾಗುವುದು

ಮೂರ್ನಾಲ್ಕು ವರ್ಷದ ವೇಳೆಗೆ ಸ್ಪಷ್ಟವಾಗುವ ಎಡಗೈ ಒಲವು ದೋಷವಲ್ಲ. ಬಲವಂತದಿಂದ ಬಲಗೈಗೆ ಬದಲಾಯಿಸುವ ಅಗತ್ಯವಿಲ್ಲ.

2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದಡಿ ಸಂಚಾರಿ ಆರೋಗ್ಯ ತಂಡಗಳು ಅಂಗನವಾಡಿಗಳಿಗೆ ವರ್ಷಕ್ಕೆ ಎರಡು ಬಾರಿ, ಸರ್ಕಾರಿ ಶಾಲೆಗಳಿಗೆ ಒಂದು ಬಾರಿ ಭೇಟಿ ನೀಡಿ ಮಕ್ಕಳನ್ನು ತಪಾಸಣೆ ಮಾಡಬೇಕೆಂಬ ನಿಯಮವಿದೆ. ದೃಷ್ಟಿದೋಷ ಮತ್ತು ಬೆಳವಣಿಗೆಯ ವಿಳಂಬ ಇದರ ವ್ಯಾಪ್ತಿಯಲ್ಲಿವೆ. ಅಗತ್ಯವಿರುವ ಮಕ್ಕಳನ್ನು ಜಿಲ್ಲಾ ಮಟ್ಟದ ಶೀಘ್ರ ಹಸ್ತಕ್ಷೇಪ ಕೇಂದ್ರಗಳಿಗೆ ಕಳುಹಿಸಲಾಗುತ್ತದೆ.

ಕೌಶಲ ಮತ್ತು ದುಡಿಮೆ

ಶಿಡ್ಲಘಟ್ಟ ರೇಷ್ಮೆಗೆ ಹೆಸರಾದ ಪಟ್ಟಣ. ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆ ರಾಜ್ಯದ ಪ್ರಮುಖ ಮಾರುಕಟ್ಟೆಗಳಲ್ಲಿ ಒಂದು. ರೇಷ್ಮೆಯ ಕೆಲಸ ಕಣ್ಣು-ಕೈ ಸಮನ್ವಯದ ಉನ್ನತ ರೂಪವನ್ನು ಬೇಡುತ್ತದೆ. ಹಣ್ಣಾದ ಹುಳುವನ್ನು ಅದರ ಅರೆಪಾರದರ್ಶಕ ಹಳದಿ ಛಾಯೆಯಿಂದ ಗುರುತಿಸಿ, ನೋಯಿಸದೆ ಎತ್ತಿ ಚಂದ್ರಿಕೆಗೆ ಬಿಡಬೇಕು. ನೂಲು ಬಿಚ್ಚುವಾಗ ಬಿಸಿನೀರಿನಲ್ಲಿ ಬೆಂದ ಗೂಡಿನಿಂದ ಕೂದಲಿಗಿಂತ ತೆಳುವಾದ ಎಳೆಯ ತುದಿಯನ್ನು ಹುಡುಕಿ, ಓಡುತ್ತಿರುವ ನೂಲಿಗೆ ಸೇರಿಸಬೇಕು.

ಇಂತಹ ಕೆಲಸಗಳಿಗೆ ಮಕ್ಕಳ ಎಳೆಯ ಬೆರಳುಗಳೇ ಬೇಕು ಎಂಬ ವಾದ ರೇಷ್ಮೆ, ರತ್ನಗಂಬಳಿ ಮೊದಲಾದ ಉದ್ದಿಮೆಗಳಲ್ಲಿ ಬಹುಕಾಲ ಕೇಳಿಬರುತ್ತಿತ್ತು. ಹ್ಯೂಮನ್ ರೈಟ್ಸ್ ವಾಚ್ ಸಂಸ್ಥೆಯು 2003ರ ವರದಿಯಲ್ಲಿ ಕರ್ನಾಟಕವೂ ಸೇರಿದಂತೆ ಭಾರತದ ರೇಷ್ಮೆ ಉದ್ದಿಮೆಯಲ್ಲಿ ಮಕ್ಕಳ ಜೀತದ ದುಡಿಮೆಯನ್ನು ದಾಖಲಿಸಿತು. ಬಿಸಿನೀರಿನಲ್ಲಿ ಸದಾ ಅದ್ದಿದ ಕೈಗಳಲ್ಲಿ ಬೊಬ್ಬೆ ಮತ್ತು ಹುಣ್ಣುಗಳಾಗುವುದು ಈ ದುಡಿಮೆಯ ಪರಿಣಾಮಗಳಲ್ಲಿ ಒಂದಾಗಿತ್ತು. ಎಳೆಯ ಬೆರಳಿನ ವಾದಕ್ಕೆ ಆಧಾರವೂ ಇಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಗಾಗಿ 1990ರ ದಶಕದಲ್ಲಿ ಭಾರತದ ರತ್ನಗಂಬಳಿ ಉದ್ದಿಮೆಯಲ್ಲಿ ನಡೆದ ಅಧ್ಯಯನವು, ಗಂಟು ಹಾಕುವುದರಲ್ಲಿ ಮಕ್ಕಳು ವಯಸ್ಕರಿಗಿಂತ ಹೆಚ್ಚು ನಿಪುಣರಲ್ಲ ಎಂಬ ನಿರ್ಣಯಕ್ಕೆ ಬಂದಿತು. ಬೆಳವಣಿಗೆಯ ವಿಜ್ಞಾನವೂ ಇದಕ್ಕೆ ಹೊಂದುತ್ತದೆ: ಬೆರಳು ಚಿಕ್ಕದಾದ ಮಾತ್ರಕ್ಕೆ ನಿಖರವಾಗುವುದಿಲ್ಲ, ನಿಖರತೆ ವಯಸ್ಸು ಮತ್ತು ಅನುಭವದೊಂದಿಗೆ ಹೆಚ್ಚುತ್ತದೆ.

1986ರ ಬಾಲಕಾರ್ಮಿಕ ಕಾಯಿದೆಗೆ 2016ರಲ್ಲಿ ತಂದ ತಿದ್ದುಪಡಿಯಂತೆ 14 ವರ್ಷದೊಳಗಿನ ಮಕ್ಕಳನ್ನು ದುಡಿಮೆಗೆ ಹಚ್ಚುವುದು ನಿಷಿದ್ಧ. ಶಾಲೆಯ ಅವಧಿಯ ಹೊರಗೆ, ಅಪಾಯಕಾರಿಯಲ್ಲದ ಕುಟುಂಬದ ಕೆಲಸದಲ್ಲಿ ನೆರವಾಗಲು ವಿನಾಯಿತಿ ಇದೆ. ಬೆಳವಣಿಗೆಯ ದೃಷ್ಟಿಯಿಂದಲೂ ಆಟಕ್ಕೂ ದುಡಿಮೆಗೂ ಇರುವ ಅಂತರ ಸ್ಪಷ್ಟ. ಆಟದಲ್ಲಿ ಮಗು ಬೇಕೆಂದಾಗ ನಿಲ್ಲಿಸುತ್ತದೆ, ಬಗೆಬಗೆಯ ಚಲನೆಗಳನ್ನು ಪ್ರಯತ್ನಿಸುತ್ತದೆ, ತಪ್ಪಿದರೆ ನಗುತ್ತದೆ. ದುಡಿಮೆಯಲ್ಲಿ ಒಂದೇ ಚಲನೆ ಗಂಟೆಗಟ್ಟಲೆ ಪುನರಾವರ್ತನೆಯಾಗುತ್ತದೆ ಮತ್ತು ತಪ್ಪಿಗೆ ದಂಡವಿರುತ್ತದೆ.

ಇವನ್ನೂ ನೋಡಿ

• ಅಂಗನವಾಡಿ
• ನಲಿ-ಕಲಿ
• ಅಳಗುಳಿ ಮಣೆ
• ಚನ್ನಪಟ್ಟಣದ ಗೊಂಬೆಗಳು
• ಮೆಳ್ಳೆಗಣ್ಣು
• ಶಿಡ್ಲಘಟ್ಟ